ಗಡಿಗೆಯ ಕೆಳಗಿನ ತಮಟೆ

ಆ ವರ್ಷ ಜೂನ್ ತಿಂಗಳೆಲ್ಲ ಸಾರಕ್ಕಿಯ ಕಾಲೋನಿಗೆ ಬೆಳಗಾಗುತ್ತಿದ್ದದ್ದು ಗೌಡರ ಮನೆಯ ಮುದುಕಿ ನಾರಾಯಣಮ್ಮನ ಕೆಮ್ಮಿನಿಂದ. ಗೌಡರ ಮನೆಗೂ ಕಾಲೋನಿಗೂ ನಡುವೆ ಒಂದು ಹುಣಸೆಮರ, ಒಂದು ಮೋರಿ, ಅಷ್ಟೆ. ಮೊದಲು ರಾಗಿಹೊಲವಿದ್ದ ಕಡೆ ಜೆ.ಪಿ. ನಗರದ ಸೈಟುಗಳಿಗೆ ಕಲ್ಲು ನೆಟ್ಟಿದ್ದರು. ತಡೆಯಲು ಪೈರೂ ಇಲ್ಲದೆ ಕೆಮ್ಮು ನೆಟ್ಟಗೆ ಬಂದು ಬಾಗಿಲಿಗೆ ಬಡಿಯುತ್ತಿತ್ತು. ಮೂರು ಸಲ ಒಣ ಸದ್ದು, ಆಮೇಲೆ ಉಸಿರೆಳೆದುಕೊಳ್ಳುವ ಉದ್ದನೆಯ ಗೀರು.

ಸಂಜೀವಯ್ಯ ಚಾಪೆಯ ಮೇಲೆ ಮಲಗಿದ್ದಂತೆಯೇ ಅದನ್ನು ಕೇಳಿಸಿಕೊಳ್ಳುತ್ತಿದ್ದ. ಮುದುಕಿ ಇನ್ನೂ ಇದ್ದಾಳೆ. ತನ್ನ ಮಗಳ ಅರ್ಜಿಗೆ ಉಳಿದ ದಿನಗಳಲ್ಲಿ ಇನ್ನೊಂದು ಹೋಯಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಗೋಡೆಯ ಮೇಲೆ ಬುದ್ಧನ ಪಟವಿತ್ತು. ಮತ್ತೆ ಈ ಕಡೆಗೇ ತಿರುಗುತ್ತಿದ್ದ.

ಅವನು ಗಾರೆ ಮೇಸ್ತ್ರಿ. ಜಯನಗರದಲ್ಲಿ, ಬನಶಂಕರಿಯಲ್ಲಿ ಎಷ್ಟೋ ಗೋಡೆಗಳು ಅವನ ಕೈಯಲ್ಲಿ ಎದ್ದಿದ್ದವು. ಆದರೆ ಹುಟ್ಟಿದ್ದು ತಮಟೆಯ ಮನೆಯಲ್ಲಿ. ಊರಲ್ಲಿ ಯಾರು ಸತ್ತರೂ ಚಟ್ಟದ ಮುಂದೆ ತಮಟೆ ಬಡಿಯಬೇಕಾದವರು ಅವನ ಅಪ್ಪ ಪಿಳ್ಳಪ್ಪನ ಮನೆಯವರು. ಊರು ಅದನ್ನು ಅವರ ಹಕ್ಕು ಎನ್ನುತ್ತಿತ್ತು. ಹಕ್ಕಿದ್ದವನು ಗೌಡರ ಜಗಲಿ ಹತ್ತುವಂತಿರಲಿಲ್ಲ. ಬಡಿದು ಬಾಯಾರಿದರೆ ಬೊಗಸೆಯೊಡ್ಡಿ ಕೆಳಗೆ ಕೂರಬೇಕು. ಆಗಿನ್ನೂ ಗಟ್ಟಿಯಾಗಿದ್ದ ಈ ನಾರಾಯಣಮ್ಮನೇ ಚೊಂಬು ಎತ್ತರಕ್ಕೆ ಹಿಡಿದು ನೀರು ಹುಯ್ಯುತ್ತಿದ್ದಳು, ಒಂದು ಹನಿಯೂ ಚೊಂಬಿಗೆ ವಾಪಸು ಸಿಡಿಯದಷ್ಟು ಎತ್ತರಕ್ಕೆ.

ಎಪ್ಪತ್ತೆರಡರಲ್ಲಿ ಸಂಜೀವಯ್ಯ ಕಾಲೋನಿಯ ಹನ್ನೊಂದು ಜನರ ಜೊತೆ ಸಿಟಿಗೆ ಹೋಗಿ, ವಯಸ್ಸಾದ ಭಿಕ್ಷುವೊಬ್ಬರ ಮುಂದೆ ಕೂತು, ಬೌದ್ಧನಾಗಿ ಬಂದ. ಬಂದ ದಿನವೇ ತಮಟೆಯ ಚರ್ಮ ಕೊಯ್ದು ಕೆರೆಯಂಗಳದಲ್ಲಿ ಹೂತ. ಚರ್ಮ ಬಿಗಿದಿದ್ದ ಕಬ್ಬಿಣದ ಬಳೆ ಮಾತ್ರ ಉಳಿಯಿತು. ಹೆಂಡತಿ ಮುನಿಯಕ್ಕ ಅದನ್ನು ಒಲೆಯ ಪಕ್ಕದಲ್ಲಿಟ್ಟು ಮೇಲೆ ನೀರಿನ ಗಡಿಗೆ ಕೂರಿಸಿದಳು. ದುಂಡು ತಳದ ಗಡಿಗೆ ಅಲುಗದೆ ಕೂತಿತು. ಅವಳು ಮಾತ್ರ ವರ್ಷಕ್ಕೊಂದು ಸಲ ಗಂಡನಿಗೆ ಹೇಳದೆ ಮಾರಮ್ಮನಿಗೆ ಕೋಳಿ ಕೊಟ್ಟು ಬರುತ್ತಿದ್ದಳು. ಗೊತ್ತಾಗಿ ಕೇಳಿದರೆ, “ಬುದ್ಧ ಏನೂ ಅನ್ನಲ್ಲ ಬಿಡು, ಅವನು ಕಣ್ಣು ಮುಚ್ಕೊಂಡಿರ್ತಾನೆ” ಎನ್ನುತ್ತಿದ್ದಳು. ಉಳಿದ ಹನ್ನೊಂದು ಜನ ಒಬ್ಬೊಬ್ಬರಾಗಿ ಹಳೆಯ ದಾರಿಗೆ ಮರಳಿದರು. ಸಂಜೀವಯ್ಯ ಮರಳಲಿಲ್ಲ.

ಎರಡು ವರ್ಷಕ್ಕೆ ನಾರಾಯಣಮ್ಮನ ಗಂಡ, ದೊಡ್ಡಗೌಡ, ತೀರಿಕೊಂಡ. ಮಗ ತಿಮ್ಮರಾಯಪ್ಪ ತಮಟೆಗೆ ಹೇಳಿಕಳಿಸಿದ. ಸಂಜೀವಯ್ಯ ಹೋದ, ಬರಿಗೈಯಲ್ಲಿ. ಹೆಣ ಹೊರುವುದಕ್ಕೆ ಬೇಕಾದರೆ ಹೆಗಲು ಕೊಡುತ್ತೇನೆ, ಬಡಿಯುವುದಿಲ್ಲ ಎಂದ. ಅವನ ಹೆಗಲನ್ನು ಚಟ್ಟದ ಹತ್ತಿರಕ್ಕೂ ಬಿಡಲಿಲ್ಲ. ದೊಡ್ಡಗೌಡನ ಹೆಣ ಸದ್ದಿಲ್ಲದೆ ಹೋಯಿತು. ತಿಮ್ಮರಾಯಪ್ಪ ಅದನ್ನು ಮರೆಯಲಿಲ್ಲ.

ಅದೇ ತಿಂಗಳು ಮಗಳು ಜಯಾಳನ್ನು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಧರ್ಮ ಯಾವುದೆಂದು ಕೇಳಿದರು. ಬೌದ್ಧ ಎಂದು ಬರೆಸಿದ. ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದ. ಅವನ ಮನೆತನದಲ್ಲಿ ಯಾರೂ ತಾವೇ ಆರಿಸಿಕೊಂಡ ಮಾತೊಂದನ್ನು ಸರ್ಕಾರದ ಪುಸ್ತಕದಲ್ಲಿ ಬರೆಸಿರಲಿಲ್ಲ. ಆ ದಿನ ಸಂಜೆ ಮಗಳಿಗೆ ಬೆಣ್ಣೆ ಬಿಸ್ಕತ್ತು ತಂದುಕೊಟ್ಟಿದ್ದ.

ಹತ್ತು ವರ್ಷದ ಮೇಲೆ ಆ ಒಂದು ಪದ ಎದುರಿಗೆ ಬಂದು ನಿಂತಿತು. ಎಸ್ಸೆಸ್ಸೆಲ್ಸಿ ಮುಗಿಸಿದ ಜಯಾ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಬೇಕು. ಅವಳ ನಂಬರಿಗೆ ಪರಿಶಿಷ್ಟ ಜಾತಿಯ ಸೀಟಾದರೆ ಸಿಗುತ್ತದೆ, ಇಲ್ಲವಾದರೆ ಇಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತ ಟಿ.ಸಿ. ನೋಡಿ ಕನ್ನಡಕ ತೆಗೆದಿಟ್ಟ. ಆಗಿನ ಕಾನೂನಿನ ಪ್ರಕಾರ ಹಿಂದೂಗಳಿಗೆ, ಸಿಖ್ಖರಿಗೆ ಮಾತ್ರ ಪರಿಶಿಷ್ಟ ಜಾತಿಯ ಸರ್ಟಿಫಿಕೇಟು, ಬೌದ್ಧರಿಗೆ ಇಲ್ಲ ಎಂದು ಮೆತ್ತಗೆ ತಿಳಿಸಿದ. ಕೆಟ್ಟ ಮನುಷ್ಯನಲ್ಲ. ಊರಿನ ಐದು ಜನ ಹಿರಿಯರು ಇವರು ಹಿಂದೂಗಳೇ ಎಂದು ಮಹಜರಿನಲ್ಲಿ ಸಹಿ ಮಾಡಿದರೆ ಶಾಲೆಯಲ್ಲಿ ತಪ್ಪಾಗಿ ಬರೆದಿದೆ ಎಂದು ಸರಿಪಡಿಸಬಹುದು, ಮೂವತ್ತನೇ ತಾರೀಖಿನೊಳಗೆ ತನ್ನಿ ಎಂದೂ ಹೇಳಿದ.

ಮನೆಗೆ ಬರುವ ದಾರಿಯಲ್ಲಿ ಜಯಾ ಕೇಳಿದಳು. “ಅಪ್ಪ, ಆ ಕಾಗದಕ್ಕೆ ಹಿಂದೂ ಅಂತ ಬರೆದುಕೊಟ್ರೆ ನಾವು ಬದಲಾಗಿಬಿಡ್ತೀವಾ?”

ಇಲ್ಲ ಕಣವ್ವ ಎಂದ. ಆ ಹೊತ್ತಿನಲ್ಲಿ ಅವನು ಹಾಗೇ ನಂಬಿದ್ದ.

ಮಹಜರಿನ ಮೊದಲ ಸಹಿ ತಿಮ್ಮರಾಯಪ್ಪನದಾಗಬೇಕು. ಅವನು ಮಾಡಿದರೆ ಉಳಿದ ನಾಲ್ವರು ಮಾಡುತ್ತಾರೆ, ಅವನು ಮಾಡದಿದ್ದರೆ ಯಾರೂ ಮಾಡುವುದಿಲ್ಲ. ಹೊಲವೆಲ್ಲ ಲೇಔಟಿಗೆ ಹೋದಮೇಲೆ ಅವನು ಹದಿನೆಂಟು ಮನೆಗಳ ವಠಾರ ಕಟ್ಟಿ ಬಾಡಿಗೆಗೆ ಬಿಟ್ಟಿದ್ದ. ಅದರ ಗಾರೆ ಕೆಲಸ ಮಾಡಿದವನೂ ಸಂಜೀವಯ್ಯನೇ. ಅಂಗಳದಲ್ಲಿ ನಿಂತು ವಿಷಯ ಹೇಳಿದಾಗ ತಿಮ್ಮರಾಯಪ್ಪ ಬಹಳ ಹೊತ್ತು ನಗುತ್ತಲೇ ಇದ್ದ. ಒಳಗೆ ಮುದುಕಿ ಕೆಮ್ಮುತ್ತಿದ್ದಳು.

“ಏನ್ಲಾ ಸಂಜೀವ, ನಮ್ಮ ದೇವರು ಬ್ಯಾಡ ಅಂದೋನಿಗೆ ನಮ್ಮ ಸಹಿ ಬೇಕಾಯ್ತಾ?”

“ಮಗಳು ಓದ್ಬೇಕು ಗೌಡ್ರೆ.”

“ಓದ್ಲಿ. ನಾನ್ಯಾಕೆ ಬ್ಯಾಡ ಅನ್ಲಿ? ಆದ್ರೆ ನಾನು ಸುಳ್ಳಿಗೆ ಸಹಿ ಹಾಕಲ್ಲ. ನಮ್ಮಪ್ಪ ಮೂಗನ ಹಂಗೆ ಹೋದ. ನಮ್ಮವ್ವ ಹಂಗೆ ಹೋಗ್ಬಾರ್ದು. ಡಾಕ್ಟ್ರು ಇನ್ನು ನಾಕು ದಿನ ಅಂದವ್ರೆ. ನೀನು ಮುಂದೆ ಬಡಿ, ಊರೆಲ್ಲ ನೋಡ್ಲಿ. ಆಮೇಲೆ ನೀನು ಹಿಂದೂ ಅಂತ ಎಲ್ಲಿ ಬೇಕಾದ್ರೂ ಬರ್ಕೊಡ್ತೀನಿ.”

ಆ ನಾಲ್ಕು ದಿನ ಎಂಟಾಯಿತು, ಹತ್ತಾಯಿತು. ಯಾರಿಗೂ ಕೇಡು ಬಯಸುವುದಿಲ್ಲ ಎಂದು ಭಿಕ್ಷುವಿನ ಮುಂದೆ ಹೇಳಿ ಬಂದವನು ದಿನಾ ಬೆಳಿಗ್ಗೆ ಒಬ್ಬ ಮುದುಕಿಯ ಉಸಿರು ಎಣಿಸುತ್ತಿದ್ದ.

ಚರ್ಮವನ್ನು ಹಸಿಯಾಗಿರುವಾಗಲೇ ಬಿಗಿದು ಬಿಸಿಲಲ್ಲಿ ಒಣಗಿಸಬೇಕು. ಸಾವಾದ ಮೇಲೆ ಹೊರಟರೆ ಆಗುವುದಿಲ್ಲ. ಬೊಮ್ಮನಹಳ್ಳಿಯಲ್ಲಿದ್ದ ಮುನಿಯಕ್ಕನ ತಮ್ಮ ಹನುಮಯ್ಯನಿಂದ ಚರ್ಮ ತಂದ. ಜಯಾ ಮನೆಯಲ್ಲಿಲ್ಲದ ಹೊತ್ತು ನೋಡಿ ಗಡಿಗೆ ಇಳಿಸಿ ಬಳೆ ಎತ್ತಿದ. ಹನ್ನೆರಡು ವರ್ಷದ ನೀರಿನ ಪಸೆಗೆ ತುಕ್ಕು ಹಿಡಿದಿತ್ತು. ಉಜ್ಜಿದ.

ಜಯಾ ಬಂದು ನೀರು ಕುಡಿಯಲು ಹೋದಾಗ ಗಡಿಗೆ ಮೂರು ಇಟ್ಟಿಗೆಯ ನಡುವೆ ಓರೆಯಾಗಿ ಕೂತಿತ್ತು. ಅವಳು ಲೋಟ ಹಿಡಿದುಕೊಂಡೇ ಹಿತ್ತಲಿಗೆ ಹೋದಳು. ಚಪ್ಪಡಿಯ ಮೇಲೆ ತಮಟೆ ಒಣಗುತ್ತಿತ್ತು.

“ನಂಗೆ ಟ್ರೈನಿಂಗ್ ಬ್ಯಾಡ” ಅಂದಳು. “ಬೊಮ್ಮನಹಳ್ಳೀಲಿ ಬಟ್ಟೆ ಹೊಲಿಯೋ ಫ್ಯಾಕ್ಟ್ರಿ ಐತೆ. ಮಾವನ ಮನೇಲಿದ್ದು ಹೋಗ್ತೀನಿ.”

ಸಂಜೀವಯ್ಯ ತಮಟೆಯನ್ನು ಬಿಸಿಲು ಬೀಳುವ ಕಡೆಗೆ ತಿರುಗಿಸಿಟ್ಟ. “ನಾನು ಬಡಿಯೋದು ಒಂದು ದಿನ ಕಣವ್ವ. ನೀನು ಓದ್ದೆ ಹೋದ್ರೆ ಈ ಬಳೆ ಗಡಿಗೆ ಕೆಳಗೆ ಜಾಸ್ತಿ ದಿನ ಇರಲ್ಲ, ತಿರ್ಗಾ ತಿರ್ಗಾ ತಮಟೆ ಆಗ್ತದೆ.”

ಅವತ್ತಿನಿಂದ ಅವಳು ಆ ಗಡಿಗೆಯ ನೀರು ಕುಡಿಯಲಿಲ್ಲ. ಬೀದಿ ನಲ್ಲಿಗೆ ಹೋಗಿ ಕುಡಿದು ಬರುತ್ತಿದ್ದಳು.

ಇಪ್ಪತ್ತಾರನೇ ತಾರೀಖು ಬೆಳಿಗ್ಗೆ ಕೆಮ್ಮು ಕೇಳಿಸಲಿಲ್ಲ. ಮುನಿಯಕ್ಕ ಪೊರಕೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. “ಏಳು” ಎಂದಳು ಮೆಲ್ಲಗೆ. “ಸದ್ದಿಲ್ಲ.” ಅವನು ಎಚ್ಚರವಾಗಿಯೇ ಇದ್ದ. ಎದೆಯೊಳಗೆ ಏನೋ ಹಗುರಾಯಿತು. ಆ ಹಗುರವನ್ನು ಮುಂದೆ ಎಷ್ಟು ವರ್ಷವಾದರೂ ಅವನು ಕ್ಷಮಿಸಿಕೊಳ್ಳಲಿಲ್ಲ.

ಹುಣಸೆಮರದ ಕೆಳಗೆ ಹುಲ್ಲು ಹೊತ್ತಿಸಿ ತಮಟೆ ಕಾಯಿಸಿದ. ಕೈ ಮರೆತಿರಬಹುದು ಎಂದುಕೊಂಡಿದ್ದ. ಕೈ ಏನನ್ನೂ ಮರೆತಿರಲಿಲ್ಲ. ಚಟ್ಟ ಎದ್ದ ಗಳಿಗೆಯಿಂದ ಕೆರೆಯ ಪಕ್ಕದ ತೋಟದವರೆಗೂ ಒಂದು ಪೆಟ್ಟೂ ತಪ್ಪದೆ ಬಡಿದ. ಪಿಳ್ಳಪ್ಪನ ಕೈಯೇ ಕಣಯ್ಯ ಎಂದು ಹಿಂದಿನಿಂದ ಯಾರೋ ಮೆಚ್ಚಿಕೊಂಡರು. ಹೊಸ ಲೇಔಟಿನ ಮನೆಗಳ ಮಹಡಿಯಲ್ಲಿ ಜನ ನಿಂತು ನೋಡುತ್ತಿದ್ದರು. ನಾಗಲಕ್ಷ್ಮಮ್ಮ ಎಂಬುವರ ಮನೆಯ ಗೋಡೆಗೆ ಅವನು ಮೂರು ತಿಂಗಳ ಹಿಂದೆ ಸಿಮೆಂಟು ಬಳಿದಿದ್ದ. ಒಳಗೆ ಕೂರಿಸಿ ಮೇಸ್ತ್ರಿ ಎಂದು ಕರೆದು ಸ್ಟೀಲ್ ಲೋಟದಲ್ಲಿ ಕಾಫಿ ಕೊಡುತ್ತಿದ್ದ ಹೆಂಗಸು. ಮಹಡಿಯಲ್ಲಿ ನಿಂತಿದ್ದ ಅವರು ಅವನನ್ನು ಗುರುತು ಹಿಡಿದು ಕೈ ಎತ್ತಲು ಹೋಗಿ ಅರ್ಧಕ್ಕೇ ಇಳಿಸಿದರು. ಮುಂದಿನ ವಾರ ಅವರ ಮನೆಗೆ ಕೆಲಸಕ್ಕೆ ಹೋದಾಗ ಕಾಫಿ ಗೇಟಿನ ಹತ್ತಿರಕ್ಕೆ ಬಂತು.

ತೋಟದಲ್ಲಿ ಗೌಡರ ಮನೆಯ ಸೊಸೆಯೊಬ್ಬಳು ಚೊಂಬು ಹಿಡಿದು ಬಂದಳು. ಅವನು ಬೊಗಸೆ ಒಡ್ಡಲಿಲ್ಲ. ಬಾಯಾರಿಲ್ಲ ಎಂದ. ತುಟಿ ಒಡೆದಿತ್ತು.

ಇಪ್ಪತ್ತೊಂಬತ್ತಕ್ಕೆ ಹುಣಸೆಮರದ ಕೆಳಗೇ ಮಹಜರು. ವಿಲೇಜ್ ಅಕೌಂಟೆಂಟ್ ಪರಮಶಿವಯ್ಯ ಕುರ್ಚಿಯಲ್ಲಿ ಕೂತು ಬರೆದದ್ದನ್ನು ಓದಿದ. ಸಾರಕ್ಕಿ ಗ್ರಾಮದ ಪಿಳ್ಳಪ್ಪನ ಮಗ ಸಂಜೀವಯ್ಯನು ಹಿಂದೂ ಧರ್ಮೀಯನಾಗಿದ್ದು, ಅನ್ಯ ಧರ್ಮವನ್ನು ಎಂದೂ ಸ್ವೀಕರಿಸಿರುವುದಿಲ್ಲವೆಂದೂ, ವಂಶಪಾರಂಪರ್ಯವಾಗಿ ಬಂದ ತಮಟೆಯ ಸೇವೆಯನ್ನು ಸ್ವಖುಷಿಯಿಂದ ನಡೆಸಿಕೊಂಡು ಬಂದಿರುತ್ತಾನೆಂದೂ. ತಿಮ್ಮರಾಯಪ್ಪ ಸಹಿ ಮಾಡಿದ. ನಾಲ್ವರೂ ಮಾಡಿದರು. ಕೊನೆಗೆ ಸಂಜೀವಯ್ಯ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬರೆದ. ಜಯಾ ಮೋರಿಯ ಆಚೆ ನಿಂತು ಪರಮಶಿವಯ್ಯನ ಕೈಯಲ್ಲಿದ್ದ ಕಾಗದವನ್ನೇ ನೋಡುತ್ತಿದ್ದಳು.

ತಿಮ್ಮರಾಯಪ್ಪ ಎದ್ದು ಪಂಚೆ ಕೊಡವಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ಇನ್ನೇನ್ಲಾ, ಸರ್ಕಾರದ ಕಾಗದದಲ್ಲೇ ಬರ್ದಾಯ್ತು. ಇನ್ಮೇಲೆ ಊರಲ್ಲಿ ಯಾರು ಹೋದ್ರೂ ನೀನೇ ಬರ್ಬೇಕು. ತಮಟೆ ಇಳಿಸ್ಬ್ಯಾಡ.”

“ಗೌಡ್ರೆ, ಆ ಬಳೆ ನಮ್ಮನೇಲಿ ನೀರಿನ ಗಡಿಗೆಗೆ...” ಎಂದ ಸಂಜೀವಯ್ಯ, ಪರಮಶಿವಯ್ಯ ಇನ್ನೂ ಶಾಯಿ ಆರದ ಕಾಗದಕ್ಕೆ ಊದುತ್ತಿರುವುದನ್ನು ಕಂಡು, ಅದಿನ್ನೂ ಕಚೇರಿ ಸೇರಿಲ್ಲ ಎಂದು ನೆನಪಾಗಿ, ಹೇಳುತ್ತಿದ್ದ ಮಾತನ್ನು ಅಲ್ಲೇ ಬಿಟ್ಟು, ಮೋರಿ ದಾಟಿ, ಮಗಳ ಮುಖ ನೋಡದೆ ಅವಳ ಪಕ್ಕದಲ್ಲೇ ಹಾದು ನಡೆದುಹೋದ.