ಮೆಟ್ಟಿಲ ಪ್ರಶ್ನೆ

ಪೋಂ ಪೋಂ ಎಂದು ಹಾರನ್ ಕೇಳಿತೆಂದರೆ, ಪಾವಗಡ–ಕೊರಟಗೆರೆ ಬಸ್ಸಿನ ಡ್ರೈವರ್ ದೊಡ್ಡಹನುಮಯ್ಯನ ಪ್ರಶ್ನೆಗಳೂ ಹೊರಟವೆಂದೇ ಅರ್ಥ. ಬೆಂಗಳೂರಿನಲ್ಲಿ ಡ್ರೈವರಿಲ್ಲದ ಮೆಟ್ರೊ ರೈಲು ಹತ್ತಿ ಬಂದವರಿಗೆಲ್ಲ ಅವನ ಪಕ್ಕದ ಸೀಟು ಖಾಯಂ. ‘ಎಮ್ಮೆ ಅಡ್ಡ ಬಂದ್ರೆ ಬೈಯೋರ್ಯಾರವ್ವಾ?’ ಎಂದು ಕೇಳಿ ತಾನೇ ನಗುತ್ತಾನೆ. ‘ನಿನ್ ಕೆಲ್ಸಕ್ಕೇ ಕುತ್ತು ಕಣಣ್ಣ’ ಎಂದು ಕಂಡಕ್ಟರ್ ಪರಮೇಶ್ ಛೇಡಿಸಿದರೂ ಬಿಡುವುದಿಲ್ಲ. ಕಡೆಯದನ್ನು ಮಾತ್ರ ಮೆಲ್ಲಗೆ ಕೇಳುತ್ತಾನೆ: ‘ಆ ರೈಲಿನ ಮೆಟ್ಲು ಎತ್ರವಾ?’ ಮಂಡಿ ಸೋತ ಹೆಂಡತಿ ಈಶ್ವರಮ್ಮ ಅವನ ಬಸ್ಸನ್ನು ಹತ್ತಲಾರಳು. ಅವಳ ತವರುಮನೆಯ ಮುಂದೆಯೇ ಅವನು ದಿನವೂ ಅವಳಿಲ್ಲದೆ ಹಾದುಹೋಗುತ್ತಾನೆ. ನಿನ್ನೆ ಪಾವಗಡದಲ್ಲಿ ಇಳಿದ ಮಾನಸ ಎಂಬ ಹುಡುಗಿ, ‘ಮೆಟ್ಲೇ ಇಲ್ಲಣ್ಣ, ಪ್ಲಾಟ್‌ಫಾರ್ಮೇ ಬಾಗಿಲ ಸಮಕ್ಕಿರುತ್ತೆ, ಗಾಲಿಕುರ್ಚಿನೂ ಸೀದಾ...’ ಎನ್ನುತ್ತಿದ್ದಳು. ‘ನಮ್ಮನೆ ಜಗಲಿ ಬಸ್ಸಿನ ಬಾಗಿಲಷ್ಟೇ ಎತ್ರ ಐತೆ! ನಮ್ ಮಾವನ ಮನೇದೂ ಅಂಗೇ! ಬಸ್ನ ಜಗಲಿಗೇ ತಾಗ್ಸಿ ನಿಲ್ಸಿದ್ರಾಯ್ತು!’ ಎಂದವನೇ, ಹುಡುಗಿಯ ಮಾತು ಮುಗಿಯುವ ಮೊದಲೇ ಮನೆಯತ್ತ ನಡೆದುಬಿಟ್ಟ.