ಮಲ್ಲಿಗೆ ಕಡ್ಡಿಗೆ ನೀರು ಹಾಕಿದವಳು

ಮಂಡ್ಯದ ನಮ್ಮ ಬೀದಿಯ ಹೆಂಗಸರು ನನ್ನ ಹಿತ್ತಲಿನ ಚಪ್ಪರವನ್ನು ಗಿಡಗಳ ಬಾಣಂತಿ ಕೋಣೆ ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಅವರ ಬಾಯಿ ಮುಚ್ಚಿಸಲು ನನಗೆ ಪುರುಸೊತ್ತಿರಲಿಲ್ಲ. ನಾಲ್ಕು ಬಿದಿರು ನಿಲ್ಲಿಸಿ, ಮೇಲೆ ತೆಂಗಿನ ಸೋಗೆ ಹೊದಿಸಿ, ಸುತ್ತ ಎದೆಮಟ್ಟಕ್ಕೆ ಗೋಣಿತಾಟು ಕಟ್ಟಿದ್ದೆ. ಗೋಣಿಗೆ ನೀರು ಚಿಮುಕಿಸಿದರೆ ಎಂಥ ಬಿಸಿಲಿನಲ್ಲೂ ಒಳಗೆ ತಂಪು. ಆ ತಂಪಿನಲ್ಲಿ ಹನ್ನೆರಡು ಕುಂಡ, ಕುಂಡಕ್ಕೊಂದು ಮಲ್ಲಿಗೆ ಕಡ್ಡಿ.

ಅವು ಬೆಸಗರಹಳ್ಳಿಯ ನನ್ನ ತವರಿನವು. ಅಪ್ಪ ಹೋದ ಮೇಲೆ ಅಣ್ಣಂದಿರು ಪಾಲಾದರು. ನಡುವೆ ಗೋಡೆ ಎಬ್ಬಿಸುವುದಕ್ಕೆ, ತೀರಿಹೋದ ಅವ್ವ ನೆಟ್ಟಿದ್ದ ಮಲ್ಲಿಗೆಯ ಬುಡವನ್ನೇ ಅಗೆದು ಬಿಸಾಕಿದರು. ಕೈಗೆ ಸಿಕ್ಕಷ್ಟು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆ. ಇವೂ ಹೋದರೆ ಅವ್ವನದು ಎನ್ನುವಂಥದ್ದು ನನ್ನ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ.

ಇನ್ನೇನು ಚಿಗುರು ಒಡೆಯಬೇಕು, ಮಳವಳ್ಳಿಯಲ್ಲಿ ಅತ್ತೆಯ ತಮ್ಮನ ಮಗಳ ಮದುವೆ. ಎಂಟು ದಿನ ಮನೆಗೆ ಬೀಗ. ಈಶ್ವರನ ಗುಡಿಯಲ್ಲಿ ಲಿಂಗದ ಮೇಲೆ ತೊಟ್ಟಿಕ್ಕುವ ಧಾರಾಪಾತ್ರೆಯನ್ನು ನೆನೆಸಿಕೊಂಡು, ಮಡಕೆಗಳ ತಳಕ್ಕೆ ತೂತು ಕೊರೆದು, ಬಟ್ಟೆಯ ಬತ್ತಿ ತುರುಕಿ ಕುಂಡಗಳ ಮೇಲೆ ತೂಗುಹಾಕಿದೆ. ದಿನಕ್ಕೊಂದು ಸಲ ತುಂಬಿಸಿದರೆ ಸಾಕು.

ಆ ಕೆಲಸವನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿದೆ. ಬಂಡೂರು ಕಡೆಯವಳು, ನನಗಿಂತ ಹಿರಿಯಳು, ಅಕ್ಕ ಎನ್ನುತ್ತಿದ್ದೆ. ಒಂದು ಮಾತನ್ನು ಮಾತ್ರ ಎರಡೆರಡು ಸಲ ಹೇಳಿದೆ. ಮುಟ್ಟಾದರೆ ಆ ಮೂರು ದಿನ ಚಪ್ಪರದ ಹತ್ತಿರ ಸುಳಿಯಕೂಡದು, ಎದುರುಮನೆಯವಳ ಕೈಲಿ ನೀರು ಹಾಕಿಸಬೇಕು. ಮುಟ್ಟಾದವಳ ನೆರಳು ಬಿದ್ದರೆ ಮಲ್ಲಿಗೆ ಸೊರಗುತ್ತದೆ ಎಂದು ಅವ್ವನೇ ನನಗೆ ಹೇಳಿಕೊಟ್ಟಿದ್ದಳು.

ಮದುವೆ ಮನೆಯಲ್ಲಿ ಉಂಡದ್ದು ಮೈಗೆ ಹತ್ತಲಿಲ್ಲ. ಪೆಟ್ರೋಲು ಸಿಗದ ಯುದ್ಧದ ಕಾಲ, ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ದಿಣ್ಣೆ ಕಂಡಲ್ಲೆಲ್ಲ ನಿಂತುಬಿಡುತ್ತಿತ್ತು. ಮನೆ ಮುಟ್ಟಿದವಳೇ ಹಿತ್ತಲಿಗೆ ಓಡಿದೆ. ಗೋಣಿಯ ಮೇಲಿಂದ ಕಾಣುತ್ತಿದ್ದ ಮಡಕೆಗಳು ಒಣಗಿ ಬಿಳಿಚಿಕೊಂಡಿದ್ದವು. ನನಗೆ ತಲೆ ಕೆಟ್ಟುಹೋಯಿತು. ಬೇಲಿಯಾಚೆ ತನ್ನ ಹಿತ್ತಲಿನ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಅಕ್ಕ ಕೂತಿದ್ದಳು. ಮುಟ್ಟಾಗಿದ್ದಾಳೆಂದು ನೋಡಿದರೇ ಗೊತ್ತಾಗುತ್ತಿತ್ತು. ಆದರೂ ಬಾಯಿಗೆ ಬಂದಂತೆ ಬೈದೆ. ನಂಬಿದವರ ಕೊರಳು ಕೊಯ್ದೆ ಎಂದೆ. ಅವಳು ಚಪ್ಪರದ ಕಡೆ ಕೈ ತೋರಿಸಿದಳು.

ಗೋಣಿ ಸರಿಸಿ ನೋಡಿದೆ. ಒಂದು ಕಡ್ಡಿ ಒಣಗಿತ್ತು. ಮಿಕ್ಕ ಹನ್ನೊಂದರ ಮೈತುಂಬ ಚಿಗುರು, ಮಣ್ಣು ಒದ್ದೆ. ಬೇಲಿಗೆ ಒಂದು ಉದ್ದನೆಯ ಕೋಲು ಒರಗಿತ್ತು, ಅದರ ತುದಿಗೆ ತೆಂಗಿನ ಚಿಪ್ಪು ಕಟ್ಟಿತ್ತು.

“ಮುಟ್ನಿಲ್ಲ ಕಣವ್ವ,” ಎಂದಳು ಅಕ್ಕ. “ಎದುರುಮನೇವ್ಳು ತವರ್ಗೋಗವ್ಳೆ. ಮಡ್ಕೆ ಮುಟ್ಟುದ್ರೆ ಮೈಲಿಗೆ ಆಯ್ತದೆ ಅಂತ ದೂರದಿಂದ್ಲೇ ಉಯ್ದೆ. ಬಾಯಾರಿ ಸಾಯೋದ್ನ ನೋಡ್ಕಂಡು ಎಂಗವ್ವ ಕುಂತಿರ್ಲಿ?”

ಬೈದ ಬಾಯಿಗೆ ಮಣ್ಣು ಹಾಕಿಕೊಳ್ಳುವಷ್ಟು ನಾಚಿಕೆಯಾಯಿತು. ಅಷ್ಟರಲ್ಲಿ ಅತ್ತೆ ಹಿಂದೆಯೇ ಬಂದು ಎಲ್ಲ ಕೇಳಿಸಿಕೊಂಡಿದ್ದರು. ಮೈಲಿಗೆಯಾದ ಗಿಡದ ಹೂವನ್ನು ದೇವರಿಗೆ ಏರಿಸುವಂತಿಲ್ಲ, ಕಿತ್ತು ತಿಪ್ಪೆಗೆ ಹಾಕು ಎಂದರು. ಮದುವೆಯಾಗಿ ಬಂದಾಗಿನಿಂದ ಅವರಿಗೆ ಎದುರು ಮಾತಾಡಿದವಳಲ್ಲ ನಾನು.

“ಕೀಳಾಕಿಲ್ಲ ಅತ್ತೆ,” ಎಂದೆ. “ದೇವ್ರಿಗೆ ಬ್ಯಾಡ್ದಿದ್ರೆ ನಾನು ಮುಡ್ಕತೀನಿ.”

ಅತ್ತೆ ವಾರವೊಪ್ಪತ್ತು ನನ್ನೊಡನೆ ಮಾತು ಬಿಟ್ಟರು. ಕಡ್ಡಿಗಳು ಮಾತ್ರ ಯಾರ ಮುನಿಸಿಗೂ ಕಾಯದೆ ಬೆಳೆದವು.

ಮುಂದಿನ ತಿಂಗಳು ಹೊರಗೆ ಕೂರುವ ಸರದಿ ನನ್ನದು. ಮೊದಲ ದಿನ ಬಿಸಿಲೇರಿದಾಗ ಚೆಂಬು ತೆಗೆದುಕೊಂಡು ಚಪ್ಪರದೊಳಕ್ಕೆ ಹೋದೆ. ಅವ್ವ ಕಂಡಿದ್ದರೆ ಏನೆನ್ನುತ್ತಿದ್ದಳೋ. ಕುಂಡಕುಂಡಕ್ಕೂ ನೀರು ಹಾಕಿ, ಎಲೆಯ ಮೇಲಿನ ಧೂಳನ್ನು ಬೆರಳಿನಿಂದಲೇ ಒರೆಸಿದೆ. ಹಿಂಬಾಗಿಲಲ್ಲಿ ನಿಂತಿದ್ದ ಅತ್ತೆ ನೋಡಿದರು, ಒಳಕ್ಕೆ ಹೋದರು.

ನಾಲ್ಕನೆಯ ದಿನ ತಲೆಗೆ ಎರೆದುಕೊಂಡು ಬಂದು ನೋಡುತ್ತೇನೆ, ಮೂರು ಮೊಗ್ಗು. ತಡೆಯಲಾರದೆ ಅತ್ತೆಯನ್ನೇ ಕೂಗಿದೆ.

“ನಾನು ಒತ್ತಾರೇನೇ ನೋಡ್ದೆ ಬುಡು,” ಎಂದರು.