ಹದಿನೇಳನೆಯ ಶಾಲೆಯ ಹಾಜರಿ

ಟೆರಾಕ ಹುಟ್ಟಿದ ನುಕಾಂಗಿ ದ್ವೀಪವನ್ನು ಉದ್ದಕ್ಕೆ ನಡೆಯಲು ಒಂದು ಬೆಳಗು ಬೇಕು. ಅಡ್ಡಕ್ಕೆ ದಾಟಲು ಕೇದಗೆ ಎಲೆಯಲ್ಲಿ ಸುತ್ತಿದ ಒಂದು ಬೀಡಿ ಮುಗಿಯುವಷ್ಟು ಹೊತ್ತು ಸಾಕು. ಅಷ್ಟು ಸಣ್ಣ ಜಾಗದಲ್ಲಿ ನೆಂಟರಲ್ಲದವರು ಯಾರಿರುತ್ತಾರೆ? ಎಲ್ಲರೂ ಎಲ್ಲರಿಗೂ ಏನಾದರೂ ಆಗಬೇಕು. ನೆಂಟರು ಮನೆಗೆ ಬಂದು ಒಂದು ವಸ್ತುವನ್ನು ತೋರಿಸಿ ‘ಇದು ನನಗೆ ಬೇಕು’ ಎಂದರೆ ಇಲ್ಲ ಎನ್ನುವಂತಿಲ್ಲ. ಇದಕ್ಕೆ ಬುಬುಸಿ ಎನ್ನುತ್ತಾರೆ. ಇಲ್ಲ ಎಂದವನ ಮುಖವನ್ನು ಊರು ಬಹಳ ದಿನ ನೋಡುವುದಿಲ್ಲ.

ಟೆರಾಕಳಿಗೆ ಚಿಕ್ಕಂದಿನಿಂದ ಬುಬುಸಿ ಎಂದರೆ ಭಯ. ಅವಳ ಅಮ್ಮ ಮಾರೆವಳಿಗೆ ಮಾತ್ರ ಕೊಡುವುದೆಂದರೆ ಉಸಿರಾಟ. ತಾಯಿ ಮಗಳು ರಾಜಧಾನಿ ತರಾವಾಕ್ಕೆ ಬಂದು ನೆಲೆಸಿದ ಮೇಲೂ ಮನೆಯೊಳಗಿನ ವಸ್ತುಗಳು ಒಂದೊಂದಾಗಿ ನಡೆದು ಹೋಗುತ್ತಿದ್ದವು. ಸೈಕಲ್ ಹೋಯಿತು, ರೇಡಿಯೊ ಹೋಯಿತು. ಒಂದು ದಿನ ಟೆರಾಕ ಕೆಲಸದಿಂದ ಬಂದು ನೋಡುತ್ತಾಳೆ, ಹೊಲಿಗೆ ಯಂತ್ರದ ಜಾಗದಲ್ಲಿ ಬೆಕ್ಕು ಮಲಗಿದೆ.

“ಅಮ್ಮ, ಮಷೀನ್ ಎಲ್ಲಿ?”

“ನಿಮ್ಮ ದೊಡ್ಡಮ್ಮನ ಸೊಸೆ ಕೇಳಿದ್ಲು ಕಣೇ.”

“ಕೇಳಿದ್ರೆ ಕೊಟ್ಬಿಡೋದಾ? ನನ್ನ ಅಂಗಿ ಹೊಲೀತಾ ಇದ್ದೆಯಲ್ಲ.”

“ಅರ್ಧ ಆಗಿದೆ. ಇನ್ನರ್ಧ ಅವಳ ಮನೇಲಿ ಕೂತು ಹೊಲೀತೀನಿ. ಮಷೀನ್ ಹೋದ್ರೆ ನನ್ನ ಕೈ ಹೋಯ್ತಾ?”

ಆ ಅಂಗಿಗೆ ಕೊನೆಗೂ ಎರಡನೇ ತೋಳು ಬರಲಿಲ್ಲ. ಅರ್ಧ ಹೊಲಿದಿದ್ದ ಅದನ್ನೇ ಆ ಸೊಸೆ ಕೇಳಿದಳು. ಅದಿರಲಿ.

ಟೆರಾಕಳಿಗೆ ಲೆಕ್ಕ ಎಂದರೆ ಪ್ರಾಣ. ಹತ್ತು ವರ್ಷದವರೆಗೆ ನುಕಾಂಗಿಯ ಶಾಲೆಯಲ್ಲಿ ಕಮೊರಿಕಿ ಮೇಷ್ಟರ ಹತ್ತಿರ ಕಲಿತಳು. ಅಪ್ಪ ಸಮುದ್ರಕ್ಕೆ ಹೋದವನು ಮರಳಲಿಲ್ಲ, ತಾಯಿ ಮಗಳು ಹಡಗು ಹತ್ತಿದರು. ಮುಂದೆ ವಿದ್ಯಾರ್ಥಿವೇತನ ಹಿಡಿದು ಫಿಜಿ ದೇಶದ ಸುವಾ ಊರಿಗೆ ಹೋಗಿ ಸಂಖ್ಯಾಶಾಸ್ತ್ರ ಓದಿದಳು, ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದನ್ನೂ ಕಲಿತಳು. ಬಂದ ಮೇಲೆ ಹೊರದ್ವೀಪಗಳಲ್ಲಿ ಇಪ್ಪತ್ತಾರು ಶಾಲೆ ನಡೆಸುತ್ತಿದ್ದ ಒಂದು ಸಂಘದಲ್ಲಿ ಕೆಲಸವಾಯಿತು. ಮೇಷ್ಟರ ಸಂಬಳ ಕೊಡುತ್ತಿದ್ದುದು ಆ ಸಂಘ. ಮಕ್ಕಳ ಮಧ್ಯಾಹ್ನದ ಊಟಕ್ಕೆ ಅಕ್ಕಿ ಕಳಿಸುತ್ತಿದ್ದುದೂ ಅದೇ. ಎಷ್ಟು ಹಾಜರಿಯೋ ಅಷ್ಟು ಅಕ್ಕಿ.

ಸಂಘದ ದೊಡ್ಡವರು ಬೆನಿಯಮಿನ. ಹೊಟ್ಟೆ ದೊಡ್ಡದು, ಮನಸ್ಸೂ ದೊಡ್ಡದೇ. ಆದರೆ ಒಂದು ವರ್ಷ ಅಕ್ಕಿ ಸಾಲದೆ ಎರಡು ದ್ವೀಪದ ಮಕ್ಕಳು ಬರಿ ತೆಂಗಿನಕಾಯಿ ತಿಂದು ಪಾಠ ಕೇಳಿದಾಗ ಅವರಿಗೂ ಸಿಟ್ಟು ಬಂತು. ಎಲ್ಲೋ ಕೆಲವರು ಇಲ್ಲದ ಮಕ್ಕಳಿಗೆ ಹಾಜರಿ ಹಾಕುತ್ತಿದ್ದಾರೆ ಎಂದು ಸುದ್ದಿಯಿತ್ತು. ಟೆರಾಕಳನ್ನು ಕರೆದು ಕೂರಿಸಿಕೊಂಡರು.

“ಯಾರು ಅಂತ ಕಂಡುಹಿಡಿ ನೋಡೋಣ. ನನ್ನ ಕೈಲಿ ಆಗಲ್ಲಮ್ಮ. ಇಪ್ಪತ್ತಾರು ಮೇಷ್ಟ್ರಲ್ಲಿ ಹದಿನಾಲ್ಕು ಜನ ನಂಗೆ ಅಣ್ಣತಮ್ಮಂದಿರು.”

“ಉಳಿದ ಹನ್ನೆರಡು ಜನ?”

“ಅವರು ನನ್ನ ಹೆಂಡ್ತಿಗೆ ಅಣ್ಣಂದಿರು.”

ಟೆರಾಕ ನಕ್ಕಳು. ಆದರೆ ಹೆದರಿಕೆಯೂ ಆಯಿತು. ಸುದ್ದಿ ಹೊರಗೆ ಬಿದ್ದರೆ ಸಾಕು, ಯಾವನೋ ಒಬ್ಬ ಮೇಷ್ಟ್ರ ಚಿಕ್ಕಮ್ಮ ಮನೆ ಬಾಗಿಲಿಗೆ ಬಂದು ‘ಅವನ ಹೆಸರು ತೆಗೆದುಬಿಡು ಮಗಳೇ, ಕೇಳ್ತಿದೀನಿ’ ಎನ್ನುತ್ತಾಳೆ. ಇಲ್ಲ ಎನ್ನುವಂತಿಲ್ಲ. ಇದಕ್ಕೆ ಅವಳು ಒಂದು ಉಪಾಯ ಮಾಡಿದಳು. ಶಾಲೆಯ ಹೆಸರು, ದ್ವೀಪದ ಹೆಸರು, ಮೇಷ್ಟರ ಹೆಸರು ಎಲ್ಲವನ್ನೂ ಪ್ರೋಗ್ರಾಂ ಅಳಿಸಿ ಬರೀ ನಂಬರ್ ಕೊಡಬೇಕು. ಯಾವ ನಂಬರ್ ಯಾವ ಶಾಲೆ ಎಂಬ ಪಟ್ಟಿ ಲಕೋಟೆಯೊಳಗೆ ಹಾಕಿ ಅಂಟಿಸಿ, ಬೆನಿಯಮಿನರ ಪೆಟ್ಟಿಗೆಯಲ್ಲಿರಬೇಕು. ತನಗೇ ಗೊತ್ತಿಲ್ಲದ್ದನ್ನು ಯಾರು ತಾನೇ ಕೇಳಿ ಪಡೆಯುತ್ತಾರೆ?

“ಒಳ್ಳೇ ಬುದ್ಧಿವಂತೆ ಕಣಮ್ಮ ನೀನು,” ಎಂದರು ಬೆನಿಯಮಿನ. ಅವರ ತಲೆಯಿಂದಲೂ ಒಂದು ಹೊರೆ ಇಳಿಯಿತು.

ಮೂರು ವರ್ಷದ ಹಾಜರಿ ಪುಸ್ತಕಗಳು ಗೋಣಿಚೀಲದಲ್ಲಿದ್ದವು. ಕೆಲವು ಉಪ್ಪುನೀರು ಕುಡಿದು ಹಪ್ಪಳದ ಹಾಗೆ ಉಬ್ಬಿದ್ದವು. ಒಂದರ ಪುಟಗಳ ನಡುವೆ ಒಣಗಿದ ಮೀನಿನ ಬಾಲ ಸಿಕ್ಕಿತು. ಅವನ್ನೆಲ್ಲ ಕಂಪ್ಯೂಟರಿಗೆ ತುಂಬಲು ನಾಲ್ಕು ಜನ ಹುಡುಗಿಯರಿಗೆ ನಾಲ್ಕು ತಿಂಗಳು ಹಿಡಿಯಿತು. ಯಾವ ದ್ವೀಪಕ್ಕೆ ಯಾವ ದಿನ ಹಡಗು ಬಂತು ಎಂಬ ಪಟ್ಟಿಯನ್ನು ಬಂದರಿನಿಂದ ತಂದು ಅದಕ್ಕೆ ಜೋಡಿಸಿದಳು. ಅವಳ ಲೆಕ್ಕದ ಜೀವಾಳವೇ ಅದು. ಹಡಗು ಐದಾರು ವಾರಕ್ಕೊಮ್ಮೆ ಬಂದು ಹವಳದ ದಿಬ್ಬದಾಚೆ ನಿಲ್ಲುತ್ತದೆ. ಆ ದಿನ ಮನೆಮಂದಿಯೆಲ್ಲ ಒಣಕೊಬ್ಬರಿ ಚೀಲ ಹೊತ್ತು ದಡಕ್ಕೆ ಓಡುತ್ತಾರೆ. ಅಂದು ಯಾವ ಮಗು ಶಾಲೆಯಲ್ಲಿ ಕೂರುತ್ತದೆ? ಹಾಗೆಯೇ ಸೋಮವಾರ ಒಂದಿಷ್ಟು ಮಕ್ಕಳು ಬರುವುದಿಲ್ಲ, ಹಬ್ಬದ ಮಾರನೆಯ ದಿನ ಹೊಟ್ಟೆನೋವು. ನಿಜವಾದ ಹಾಜರಿ ಏರುತ್ತದೆ, ಇಳಿಯುತ್ತದೆ. ಸುಳ್ಳು ಹಾಜರಿಗೆ ಆ ಏರಿಳಿತ ತಿಳಿಯದು, ಒಂದೇ ಸಮ ಇರುತ್ತದೆ.

ಪ್ರೋಗ್ರಾಂ ಓಡಿತು. ಪರದೆಯ ಮೇಲೆ ಇಪ್ಪತ್ತೆರಡು ಶಾಲೆಗಳ ಹಾಜರಿಯ ಗೆರೆ ಹಡಗಿನ ದಿನ ಬಂದಾಗೆಲ್ಲ ಕೆಳಗೆ ಬೀಳುತ್ತಿತ್ತು. ನಾಲ್ಕು ಬೀಳಲಿಲ್ಲ. ಅವುಗಳಲ್ಲಿ ಹದಿನೇಳನೆಯದು ಎಷ್ಟು ನೇರವಾಗಿತ್ತೆಂದರೆ ಟೆರಾಕ ಹುಡುಗಿಯರನ್ನು ಕರೆದು ತೋರಿಸಿದಳು.

“ನೋಡ್ರೇ ಇಲ್ಲಿ. ಈ ಪುಣ್ಯಾತ್ಮಂಗೆ ಸುಳ್ಳು ಬರಿಯೋಕೂ ಬರಲ್ಲ. ಮೂರು ವರ್ಷದಲ್ಲಿ ಹಡಗೇ ಬಂದಿಲ್ಲ, ಸೋಮವಾರಾನೇ ಆಗಿಲ್ಲ ಇವನ ಊರಲ್ಲಿ.”

ಎಲ್ಲರೂ ನಕ್ಕರು.

ವರದಿಯಲ್ಲಿ ಅವಳು ಮೊದಲು ಬರೆದದ್ದು, ‘ಈ ಹಾಜರಿ ನಿಜವಾಗಿರುವ ಸಂಭವ ತೀರ ಕಡಿಮೆ’ ಎಂದು. ಸುವಾದಲ್ಲಿ ಹಾಗೆಯೇ ಬರೆಯಬೇಕೆಂದು ಕಲಿಸಿದ್ದರು. ಬೆನಿಯಮಿನ ಓದಿ ಕನ್ನಡಕ ತೆಗೆದರು.

“ಸಂಭವ ಗಿಂಭವ ಅಂದ್ರೆ ದುಡ್ಡು ಕೊಡೋ ಮೇಲಿನವರಿಗೆ ಅರ್ಥ ಆಗಲ್ಲ. ನಿಜಾನೋ ಸುಳ್ಳೋ, ಒಂದು ಹೇಳು.”

“ನಿಜ ಆಗೋದು ಕಷ್ಟ ಸರ್.”

“ಕಷ್ಟ ಅಂದ್ರೆ ಸಾಧ್ಯ ಇಲ್ಲ ಅಂತ ತಾನೆ?”

ಟೆರಾಕ ಆ ಗೆರೆಯನ್ನು ಮತ್ತೊಮ್ಮೆ ನೋಡಿದಳು. ‘ಸಾಧ್ಯವಿಲ್ಲ’ ಎಂದು ತಿದ್ದಿದಳು. ಒಂದು ಪದ. ಮುಂದೆ ಎಷ್ಟೋ ವರ್ಷ ಆ ಪದ ಅವಳ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಲಕೋಟೆ ಒಡೆದದ್ದು ಬೆನಿಯಮಿನ, ಆ ನಾಲ್ಕು ಶಾಲೆಗೆ ಕಾಗದಗಳು ಹೋದದ್ದು ಹಡಗಿನಲ್ಲಿ. ತನಗೆ ಹೆಸರು ಬೇಡವೆಂದು ಅವಳೇ ಹೇಳಿದ್ದಳು, ಅವರೂ ಹೇಳಲಿಲ್ಲ. ಏಳು ವಾರದ ಮೇಲೆ ಒಂದು ಸಂಜೆ ಅವಳು ಮನೆಗೆ ಬಂದಾಗ ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು. ನುಕಾಂಗಿಯಿಂದ ಬಂದವರು ಯಾರೋ ಕೆಸುವಿನ ಗಡ್ಡೆ ತಂದುಕೊಟ್ಟಿದ್ದರು.

“ನಿಮ್ಮ ಕಮೊರಿಕಿ ಮೇಷ್ಟ್ರು ಶಾಲೆ ಬಿಟ್ರಂತೆ ಕಣೇ,” ಎಂದಳು ಮಾರೆವ.

“ವಯಸ್ಸಾಯ್ತಲ್ಲಮ್ಮ.”

“ವಯಸ್ಸಿಗಲ್ಲ. ಹಡಗು ಬಂದ ದಿನ ಮಕ್ಕಳು ಬರ್ದೇ ಇದ್ರೂ ಬಂದ್ರು ಅಂತ ಬರ್ಕೊಂಡು ಅಕ್ಕಿ ತಿಂದಿದಾರೆ ಅಂತ ಕಾಗದ ಬಂತಂತೆ. ಯಾವ ಮುಟ್ಠಾಳ ಬರೆದ್ನೋ. ಹಡಗಿನ ದಿನ ನೀವೆಲ್ಲ ಎಲ್ಲಿ ಕೂತಿರ್ತಿದ್ರಿ, ನೆನಪಿಲ್ವಾ ನಿಂಗೆ?”

ಟೆರಾಕ ಕೈಚೀಲ ಕೆಳಗಿಟ್ಟಳು. ನೆನಪಿಲ್ಲದೆ ಏನು. ದಡದಲ್ಲಿ, ಕೊಬ್ಬರಿ ಚೀಲಗಳ ಮೇಲೆ. ಹಡಗು ಕಂಡ ಕೂಡಲೇ ಮೇಷ್ಟ್ರು ಕರಿಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆಯುತ್ತಿದ್ದರು, ಹಿಂದೆ ಮಕ್ಕಳ ಸಾಲು. ತಕ್ಕಡಿಯ ಪಕ್ಕದಲ್ಲೇ ಶಾಲೆ. ಚೀಲದ ತೂಕ ಇಷ್ಟು, ಖಾಲಿ ಚೀಲ ಇಷ್ಟು, ಒಳಗಿನ ಕೊಬ್ಬರಿ ಎಷ್ಟು? ತೂಗುವವನಿಗಿಂತ ಮೊದಲು ಹೇಳಿದವರಿಗೆ ಒಂದು ಬಿಸ್ಕತ್ತು. ಅವಳ ತಲೆಗೆ ಲೆಕ್ಕ ಹತ್ತಿದ್ದೇ ಅಲ್ಲಿ. ಸೋಮವಾರ? ಸೋಮವಾರ ಮೇಷ್ಟ್ರು ನಸುಕಿನಲ್ಲೇ ದೋಣಿ ಹತ್ತಿ ಆಚೆ ನಡುಗಡ್ಡೆಯ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ತರುತ್ತಿದ್ದರು. ಹೊಟ್ಟೆನೋವು ಎಂದವರನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದರು. ಅವಳನ್ನೂ ಹೊತ್ತಿದ್ದರು. ಆ ನೇರ ಗೆರೆ ಎಳೆದದ್ದು ಆ ಮುದುಕನ ಕಾಲುಗಳು.

“ಅದು ನಾನಮ್ಮ,” ಎಂದಳು.

“ಏನು ನೀನು?”

“ಆ ಮುಟ್ಠಾಳ.”

ಮಾರೆವ ತುರಿಯುವುದನ್ನು ನಿಲ್ಲಿಸಿದಳು. ಬೈಯಲಿಲ್ಲ. ಬೈದಿದ್ದರೆ ಮಗಳಿಗೆ ಸುಲಭವಾಗುತ್ತಿತ್ತು.

ಮರುದಿನ ಹಡಗಿನ ದಿನದ ಶಾಲೆಯ ಕತೆ ಕೇಳಿ ಬೆನಿಯಮಿನರೂ ತಲೆ ಹಿಡಿದುಕೊಂಡರು. “ಬೇರೆ ಮೂರು ಜನ ತಪ್ಪು ಒಪ್ಕೊಂಡಿದಾರಮ್ಮ. ನಾಲ್ಕರಲ್ಲಿ ಮೂರು ಸರಿ ಬಂತು ಅಂತ ನಾನು ಖುಷಿಯಾಗಿದ್ದೆ. ನಿನ್ನ ಊರು ಅಂತ ನೋಡಿದೆ. ಹೇಳಿದ್ರೆ ನಿನಗೆ ಸಂಕಟ ಅಂತ ಸುಮ್ಮನಾದೆ.” ಕಾಗದ ವಾಪಸ್ ತೆಗೆದುಕೊಂಡಿದ್ದೇವೆ, ಮೇಷ್ಟ್ರು ಮತ್ತೆ ಬರಬೇಕು ಎಂದು ಬರೆದು ಮೊಹರು ಒತ್ತಿಕೊಟ್ಟರು. ಬದಲಿ ಮೇಷ್ಟ್ರು ಸಿಗುವವರೆಗೆ ಶಾಲೆ ಮುಚ್ಚಿಯೇ ಇತ್ತು. ಟೆರಾಕ ಅಲ್ಲಿಗೆ ಹೊರಟ ಮೊದಲ ಹಡಗನ್ನೇ ಹತ್ತಿದಳು. ನಾಲ್ಕು ದಿನದ ದಾರಿ, ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದಳು.

ಕಮೊರಿಕಿ ಮೇಷ್ಟ್ರು ಮನೆಯ ಮುಂದೆ ಬಲೆ ಹೊಲಿಯುತ್ತಿದ್ದರು. ಗುರುತು ಹಿಡಿದು ಚಾಪೆ ಹಾಸಿಸಿ, ಎಳನೀರು ಕೊಡಿಸಿದರು. ಅವಳು ಕುಡಿಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಳು. ನಂಬರ್, ಲಕೋಟೆ, ಗೆರೆ, ಆ ಒಂದು ಪದ. ನಕ್ಕಿದ್ದನ್ನೂ ಬಿಡದೆ ಹೇಳಿದಳು. ಅವರ ಬೆರಳು ಬಲೆಯ ಕಣ್ಣುಗಳ ಮೇಲೆ ಓಡುತ್ತಲೇ ಇತ್ತು.

“ಹೆಸರು ಮುಚ್ಚಿದ್ದು ಒಳ್ಳೇದೇ ಮಾಡಿದೆ,” ಎಂದರು. “ನಾನೇ ಆಗಿದ್ರೂ ಹಾಗೇ ಮಾಡ್ತಿದ್ದೆ.”

“ನೀವು ಒಂದು ಕಾಗದ ಬರೀಬಾರ್ದಿತ್ತಾ ಮೇಷ್ಟ್ರೇ? ಊರೆಲ್ಲ ಸಾಕ್ಷಿ ಹೇಳ್ತಿತ್ತು.”

“ಸಾಧ್ಯವಿಲ್ಲ ಅಂತ ಬರೆದಿದ್ರಲ್ಲ. ಸಾಧ್ಯ ಇಲ್ಲ ಅನ್ನೋರಿಗೆ ಏನಂತ ಬರೀಲಿ?” ಬಲೆಯ ಒಂದು ಗಂಟು ಬಿಗಿದು ಮತ್ತೆ ಹೇಳಿದರು: “ಕಾಗದಾನ ಊರ ಚಾವಡೀಲಿ ಓದಿದ್ರು. ಎಲ್ಲ ಕೂತಿದ್ರು. ಹಿಂದೆ ಯಾರೋ ಕಿಸಕ್ಕಂತ ನಕ್ಕ. ನನ್ನ ಹತ್ರಾನೇ ಓದಿದ ಹುಡುಗ. ಯಾಕೆ ನಕ್ಕನೋ ಪಾಪ, ಬೇರೇದಕ್ಕೇ ಇರ್ಬೋದು. ಆಮೇಲೆ ನಂಗೆ ಅಲ್ಲಿ ಕೂರೋಕೆ ಆಗ್ಲಿಲ್ಲ.”

ಅವಳು ಮೊಹರಿನ ಕಾಗದ ಕೊಟ್ಟಳು. ಅವರು ಓದಿ, ಮಡಿಸಿ, ಚಾಪೆಯ ಮೇಲಿಟ್ಟರು. ಮತ್ತೆ ಬಲೆ ಎತ್ತಿಕೊಂಡರು. ಆಗ ಟೆರಾಕ ಹುಟ್ಟಿದಾಗಿನಿಂದ ಯಾರ ಹತ್ತಿರವೂ ಮಾಡದ ಕೆಲಸ ಮಾಡಿದಳು, ಬುಬುಸಿ ಕೇಳಿದಳು.

“ನೀವು ಶಾಲೆಗೆ ವಾಪಸ್ ಬರ್ಬೇಕು. ಕೇಳ್ತಿದೀನಿ ಮೇಷ್ಟ್ರೇ.”

ಅವರ ಕೈ ನಿಂತಿತು. “ಕೇಳ್ಬೇಡ ಕಣಮ್ಮ. ದೋಣಿ ಕೇಳು, ಹಂದಿ ಕೇಳು, ಕೊಡ್ತೀನಿ.”

“ಕೇಳಿ ಆಯ್ತು.”

ಒಳಗಿನಿಂದ ಅವರ ಹೆಂಡತಿ ಇಣುಕಿ ನೋಡಿದರು. ಮುದುಕ ಬಲೆ ಸುತ್ತಿ ಪಕ್ಕಕ್ಕಿಟ್ಟು, “ಸರಿ, ಬರ್ತೀನಿ,” ಎಂದರು.

ಮರುದಿನ ಬೆಳಿಗ್ಗೆ ಒಗೆದ ಅಂಗಿ ತೊಟ್ಟು ಬಂದರು. ಮೂವತ್ತೊಂದು ಮಕ್ಕಳು ಕೂತಿದ್ದರು. ಹೆಸರು ಕೂಗಿ ಹಾಜರಿ ಹಾಕಿದರು. ಎಣಿಸಿದರು. ಮತ್ತೆ ಎಣಿಸಿದರು. ಆಮೇಲೆ ಪುಸ್ತಕವನ್ನು ಟೆರಾಕಳ ಕಡೆ ತಿರುಗಿಸಿದರು.

“ನೀನೂ ಒಂದ್ಸಲ ಎಣ್ಸು.”

“ಮೂವತ್ತೊಂದು ಇದೆ ಮೇಷ್ಟ್ರೇ.”

“ಇದೆಯಾ? ಹಾಗಾದ್ರೆ ಪಕ್ಕದಲ್ಲಿ ನಿನ್ನ ಹೆಸರು ಬರಿ.”

ಎರಡನೆಯ ದಿನ ಅವಳ ಜೊತೆಗೆ ಒಬ್ಬ ತಂದೆಯನ್ನೂ ಕರೆಸಿ ಎಣಿಸಿದರು. ಮೂರನೆಯ ದಿನ ಹೆಸರು ಕೂಗುತ್ತಿದ್ದ ಹಾಗೆ ನಡುವೆ ನಿಲ್ಲಿಸಿ, ಎದುರಿಗೇ ಕೂತಿದ್ದ ಒಂದು ಹುಡುಗಿಯನ್ನು “ಬಂದಿದೀಯಾ ನೀನು? ನಿಜವಾಗ್ಲೂ ಬಂದಿದೀಯಾ?” ಎಂದು ಕೇಳಿದರು. ಮಗು ಹೆದರಿ ಅತ್ತಿತು. ನಾಲ್ಕನೆಯ ದಿನ ಅವರು ಬರಲಿಲ್ಲ. ಟೆರಾಕ ಇನ್ನೊಮ್ಮೆ ಹೋಗಿ ಕೇಳಬಹುದಿತ್ತು. ಕೇಳಿದರೆ ಅವರು ಬಂದೇ ಬರುತ್ತಿದ್ದರು. ಅದಕ್ಕೇ ಅವಳು ಹೋಗಲಿಲ್ಲ.

ಮುಂದಿನ ಹಡಗಿಗೆ ಐದು ವಾರವಿತ್ತು, ಪಾಠ ಅವಳೇ ಹೇಳಿದಳು. ಚೆನ್ನಾಗಿಯೇ ಹೇಳಿದಳು ಎನ್ನುತ್ತಾರೆ. ಹಡಗು ಕಂಡ ದಿನ ಕರಿಹಲಗೆ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದಳು, ಮಕ್ಕಳು ಸಾಲಾಗಿ ಹಿಂದೆ ಬಂದರು. ತಕ್ಕಡಿಯ ಪಕ್ಕದಲ್ಲಿ ಲೆಕ್ಕ ಕೊಟ್ಟಳು. ಆದರೆ ಅವಳ ದನಿ ಗಾಳಿಯಲ್ಲಿ ನಿಲ್ಲಲಿಲ್ಲ. ಒಬ್ಬ ದೋಣಿಯ ಕಡೆ ಜಾರಿದ, ಅವನ ಹಿಂದೆ ಇಬ್ಬರು ಹೋದರು. ತಿರುಗಿ ಎಣಿಸುವಾಗ ಚೀಲಗಳ ಮೇಲೆ ಇಪ್ಪತ್ತೆರಡು ಮಕ್ಕಳು. ದೂರದಲ್ಲಿ ಕಮೊರಿಕಿ ಮೇಷ್ಟ್ರು ಬೇರೆಯವರ ಹಾಗೆ ತಮ್ಮ ಚೀಲ ಹೊತ್ತು ಸಾಲಿನಲ್ಲಿ ನಿಂತಿದ್ದರು, ಈ ಕಡೆ ನೋಡಲಿಲ್ಲ.

ಅವಳು ಹಾಜರಿ ಪುಸ್ತಕ ತೆಗೆದು ಒಂಬತ್ತು ಹೆಸರಿನ ಮುಂದೆ ಗೈರುಹಾಜರಿ ಎಂದು ಬರೆದಳು. ಆ ಶಾಲೆಯ ಪುಸ್ತಕದಲ್ಲಿ ಹಡಗಿನ ದಿನ ಆ ಪದ ಬಿದ್ದದ್ದು ಅದೇ ಮೊದಲು. ಪುಟದ ಪ್ರತಿಯನ್ನು ಅದೇ ಹಡಗಿನಲ್ಲಿ ತರಾವಾಕ್ಕೆ ಕಳಿಸಿದಳು, ತಾನು ಹತ್ತಲಿಲ್ಲ. ಅಲ್ಲಿ ಹುಡುಗಿಯರು ಅದನ್ನು ಕಂಪ್ಯೂಟರಿಗೆ ತುಂಬಿದರು, ಪ್ರೋಗ್ರಾಂ ಓಡಿತು, ಹಡಗಿನ ದಿನ ಗೆರೆ ಕೆಳಗೆ ಬಿತ್ತು. ಈ ಸಲ ಆ ಶಾಲೆಯ ಮೇಲೆ ಯಾವ ಅನುಮಾನವೂ ಬರಲಿಲ್ಲ.